ಶಾಲೆಯ ಗೇಟಿನಿಂದ ಹೊಳೆಯ ದಂಡೆಗೆ: ಉತ್ತರ ಕನ್ನಡದ ಶಿಕ್ಷಣಾಧಿಕಾರಿಗಳಿಗೂ ಎಸ್‌ಡಿಎಂಸಿಗಳಿಗೂ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲಾ ಶಿಕ್ಷಣದ ಹೊಣೆ ಹೊತ್ತಿರುವ ಎಲ್ಲ ಮಾನ್ಯ ಅಧಿಕಾರಿಗಳಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ನಾನು ಈ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 32 ವರ್ಷ ಪಾಠ ಮಾಡಿ ನಿವೃತ್ತಳಾದ ಶಿಕ್ಷಕಿ. ಮೊದಲ ವರ್ಷಗಳು ಶಿರಸಿ ಸೀಮೆಯ ಕಾಡಂಚಿನ ಒಂದು ಶಾಲೆಯಲ್ಲಿ, ಆಮೇಲಿನ ಬಹುಪಾಲು ಸೇವೆ ಕುಮಟಾ ಮತ್ತು ಅಂಕೋಲಾ ತಾಲೂಕುಗಳ ಹೊಳೆಬದಿಯ ಊರುಗಳಲ್ಲಿ ಕಳೆಯಿತು. ಈ ಪತ್ರದಿಂದ ನನಗೆ ಸ್ವಂತಕ್ಕೆ ಆಗಬೇಕಾದದ್ದು ಏನೂ ಇಲ್ಲ. ಸೇವೆಯಲ್ಲಿದ್ದಾಗ ಸಭೆಗಳಲ್ಲಿ ಎರಡು ಮೂರು ಬಾರಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ ಮಾತು ಒಂದಿದೆ. ಅದನ್ನು ಪೂರ್ತಿಯಾಗಿ, ಎಲ್ಲರ ಎದುರಿಗೆ ಹೇಳಬೇಕೆಂದು ಬರೆಯುತ್ತಿದ್ದೇನೆ. ನಮ್ಮ ಶಾಲೆಗಳಿಗೆ ತಾವು ನಿಂತ ಊರಿನ ಪರಿಚಯವೇ ಇಲ್ಲದಂತಾಗಿದೆ. ಶಿಕ್ಷಕರಿಗೆ ಮನಸ್ಸಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. ನಾವು ನಡೆಸಿಕೊಂಡು ಬಂದ ವ್ಯವಸ್ಥೆಯಲ್ಲಿ ಗೇಟಿನ ಹೊರಗೆ ನೂರು ಹೆಜ್ಜೆ ಇಡುವುದು ನೂರಾರು ಕಿಲೋಮೀಟರ್ ದೂರದ ಪ್ರವಾಸಕ್ಕಿಂತ ಕಷ್ಟದ ಕೆಲಸವಾಗಿದೆ.

ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಊರು, ವರ್ಷ, ಸಂಬಂಧಪಟ್ಟವರ ಹೆಸರು ಬೇಡ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅದು ದೀಪಾವಳಿ ಕಳೆದ ಮೇಲಿನ ದಿನಗಳು. ಐದನೇ ತರಗತಿಗೆ ಪರಿಸರ ಅಧ್ಯಯನದ ಪಾಠದಲ್ಲಿ ಸಮುದ್ರದ ಉಬ್ಬರವಿಳಿತದ ಮಾತು ಬಂತು. ಆ ಶಾಲೆಯಿಂದ ಅಘನಾಶಿನಿ ಹೊಳೆಯ ದಂಡೆಗೆ ಏಳೆಂಟು ನಿಮಿಷದ ದಾರಿ. ಹಲಗೆಯ ಮೇಲೆ ಚಂದ್ರ, ಭೂಮಿ, ನೀರಿನ ಚಿತ್ರ ಬರೆಯುವ ಬದಲು ಮಕ್ಕಳನ್ನು ಕರೆದುಕೊಂಡು ಹೋಗೋಣವೆಂದು ಬೆಳಿಗ್ಗೆ ಹತ್ತೂವರೆಗೆ ಹೊರಡಿಸಿದೆ. ಮೂರನೇ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ, ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಿಂದೆ ಉಳಿಯುವವಳು, ಎದ್ದು ನಿಂತು ಹೇಳಿದಳು: “ಅಕ್ಕೋರೆ, ಈಗ ಬ್ಯಾಡ. ನಿನ್ನೆ ಹುಣ್ಣಿಮೆ. ಈಗ ಹೋದ್ರೆ ನೀರು ಏರ್ತಾ ಇರ್ತದೆ, ದಂಡೆ ಕಾಣೂದಿಲ್ಲ. ಊಟ ಆದ್ಮೇಲೆ ಹೋಗ್ವಾ.” ಅವಳ ತಾಯಿ ಬೆಳಚು, ಅಂದರೆ ಹೊಳೆಯ ತಳದಲ್ಲಿ ಸಿಗುವ ತಿನ್ನುವ ಚಿಪ್ಪಿ, ಆರಿಸಲು ಹೋಗುವವರು. ಆ ಮನೆಯಲ್ಲಿ ಕೆಲಸದ ಹೊತ್ತನ್ನು ಗಡಿಯಾರ ನೋಡಿ ನಿಶ್ಚಯಿಸುವುದಿಲ್ಲ, ತಿಥಿ ನೋಡಿ ನಿಶ್ಚಯಿಸುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭರತ (ಉಬ್ಬರ) ದೊಡ್ಡದು, ಅಷ್ಟಮಿಯ ಸುತ್ತ ನೀರು ಸಣ್ಣದು, ದಿನದಿಂದ ದಿನಕ್ಕೆ ಹೊತ್ತು ಮುಂದೆ ಹೋಗುತ್ತದೆ ಎಂಬುದು ಹತ್ತು ವರ್ಷದ ಆ ಮಗುವಿಗೆ ಗೊತ್ತಿತ್ತು. ನನ್ನ ಕೈಯಲ್ಲಿದ್ದ ಪಾಠಯೋಜನೆಯಲ್ಲಿ ಅದು ಇರಲಿಲ್ಲ.

ಅವಳ ಮಾತಿನಂತೆ ಬಿಸಿಯೂಟ ಮುಗಿಸಿ ಎರಡು ಗಂಟೆಗೆ ಹೋದೆವು. 23 ಮಕ್ಕಳು, ನಾನು, ಜೊತೆಗೆ ಇಬ್ಬರು ತಾಯಂದಿರು. ಗೇಣಿಗೊಂದು ಗೆರೆ ಎಳೆದ ಬಿದಿರಿನ ಕೋಲನ್ನು ನೀರಿನ ಅಂಚಿನಲ್ಲಿ ಊರಿ, ಹತ್ತು ಹತ್ತು ನಿಮಿಷಕ್ಕೆ ನೀರು ಎಲ್ಲಿದೆ ಎಂದು ಮಕ್ಕಳು ಸರದಿಯಲ್ಲಿ ಬರೆದುಕೊಂಡರು. ಒಬ್ಬ ಹುಡುಗ ನೀರು ಮೊದಲು ನಿಧಾನ ಇಳಿದು ಆಮೇಲೆ ಜೋರಾಗಿ ಇಳಿಯುತ್ತಿದೆಯೆಂದು ತನ್ನ ಲೆಕ್ಕದಲ್ಲಿಯೇ ಕಂಡುಹಿಡಿದ. ನಾಳೆ ಇದೇ ನೀರು ಇದೇ ಗೆರೆಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಪ್ರಶ್ನೆ ಎದ್ದಿತು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದು ನಾನು ಹೇಳಲಿಲ್ಲ; ನಾಳೆ ಮತ್ತೆ ಬಂದು ಅಳೆಯೋಣ ಎಂದೆ. ಹಿಂದಿರುಗುವಾಗ ಶಾಲೆಯ ಜಗುಲಿಯಲ್ಲಿ ಭೇಟಿಗೆ ಬಂದ ಅಧಿಕಾರಿಯೊಬ್ಬರು ಕುಳಿತಿದ್ದರು. ಪಾಠದ ಅವಧಿಯಲ್ಲಿ ತರಗತಿ ಖಾಲಿ ಬಿಟ್ಟು, ಅನುಮತಿ ಇಲ್ಲದೆ ಮಕ್ಕಳನ್ನು ಆವರಣದಿಂದ ಹೊರಗೆ ಕರೆದೊಯ್ದದ್ದಕ್ಕೆ ಕಾರಣ ಕೇಳುವ ನೋಟಿಸ್ ಮೂರನೇ ದಿನ ನನ್ನ ಕೈಸೇರಿತು. ನಾನು ಉತ್ತರ ಕೊಟ್ಟೆ, ಅದು ಅಲ್ಲಿಗೆ ಮುಗಿಯಿತು. ಆದರೆ ಎರಡನೇ ದಿನದ ಅಳತೆಯನ್ನು ಆ ಮಕ್ಕಳು ತೆಗೆದುಕೊಳ್ಳಲಿಲ್ಲ. ಬಿದಿರಿನ ಕೋಲು ತರಗತಿಯ ಮೂಲೆಯಲ್ಲಿ ವರ್ಷವಿಡೀ ಒರಗಿಕೊಂಡಿತ್ತು. ಆ ಹುಡುಗಿ ಏಳನೇ ತರಗತಿ ಮುಗಿಸಿ ಹೋಗುವವರೆಗೆ ಮತ್ತೊಮ್ಮೆ ತಾನಾಗಿ ಎದ್ದು ನಿಂತು ಏನನ್ನೂ ಹೇಳಿದ್ದು ನನಗೆ ನೆನಪಿಲ್ಲ. ನೋಟಿಸಿಗಿಂತ ಇದು ನನ್ನನ್ನು ಹೆಚ್ಚು ಕಾಡಿದೆ.

ಆ ಅಧಿಕಾರಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನೀರಿನ ಹತ್ತಿರ ಮಕ್ಕಳನ್ನು ಒಯ್ಯುವುದು ಹಗುರಾದ ಮಾತಲ್ಲ. 2024ರ ಡಿಸೆಂಬರಿನಲ್ಲಿ ದೂರದ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡದ್ದು ನಮ್ಮ ಕಣ್ಣೆದುರಿನ ಘಟನೆ; ಆ ತಾಯಿತಂದೆಯರ ದುಃಖ ನೆನೆದಾಗ ಯಾವ ಶಿಕ್ಷಕರ ಎದೆಯೂ ನಡುಗುತ್ತದೆ. ಹಾಗೆಂದೇ ಹೇಳುತ್ತೇನೆ: ಕಡಲು, ಹೊಳೆ, ಗುಡ್ಡಗಳ ನಡುವೆ ಹುಟ್ಟಿ ಅಲ್ಲಿಯೇ ಬೆಳೆಯುವ ಮಕ್ಕಳನ್ನು ನಾವು ನೀರಿನಿಂದ ಮುಚ್ಚಿಡಲಾರೆವು. ಶಾಲೆ ಬಿಟ್ಟ ಮೇಲೆ ಅವರು ಹೋಗುವುದು ಅಲ್ಲಿಗೇ. ನೀರು ಯಾವಾಗ ಏರುತ್ತದೆ, ಸೆಳೆತ ಎಲ್ಲಿ ಇರುತ್ತದೆ, ಮಳೆಗಾಲದಲ್ಲಿ ಯಾವ ದಂಡೆಗೆ ಕಾಲಿಡಬಾರದು ಎಂಬುದನ್ನು ಬಲ್ಲವರ ಜೊತೆ ನಿಂತು ಕಲಿಯುವುದು ಮಕ್ಕಳ ರಕ್ಷಣೆಯ ಭಾಗವೇ ಆಗಿದೆ.

ಕಾನೂನು, ನೀತಿಗಳು ಇದಕ್ಕೆ ಅಡ್ಡಿಯಾಗಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದಾಗಿ ಇಟ್ಟದ್ದು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕ ಕಲಿಕೆ ಆಗಬೇಕೆನ್ನುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಜೊತೆ ಕಲಿಯುವ ಅವಕಾಶವನ್ನು ಹೇಳಿತು. ನಮ್ಮ ರಾಜ್ಯದಲ್ಲಿ ಮಕ್ಕಳು ಚೀಲವಿಲ್ಲದೆ ಬರುವ ಸಂಭ್ರಮ ಶನಿವಾರವೂ ಇದೆ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಮುಚ್ಚಿರುವುದು ಕೊನೆಯ ಹಂತದಲ್ಲಿ: ಪಠ್ಯ ಮುಗಿಸಿದ ದಿನಾಂಕ ಕೇಳುವ ನಮೂನೆ ಇದೆ, ಮಕ್ಕಳು ಊರಿನಲ್ಲಿ ಏನು ನೋಡಿದರು ಎಂದು ಕೇಳುವ ನಮೂನೆ ಇಲ್ಲ. ಮೈಸೂರು, ಹಂಪಿಗಳ ಪ್ರವಾಸಕ್ಕೆ ಅರ್ಜಿ ಸಲ್ಲಿಸುವ ಕ್ರಮ ಎಲ್ಲರಿಗೂ ಗೊತ್ತು. ಪಕ್ಕದ ಗದ್ದೆಗೆ ಹೋಗಲು ಯಾರನ್ನು ಕೇಳಬೇಕು, ಏನಾದರೂ ಆದರೆ ಯಾರು ಜೊತೆಗೆ ನಿಲ್ಲುತ್ತಾರೆ ಎಂಬುದು ಯಾರಿಗೂ ಗೊತ್ತಿಲ್ಲ. ಹೀಗಿರುವಾಗ ಜಾಣ ಶಿಕ್ಷಕರು ತರಗತಿಯೊಳಗೇ ಉಳಿಯುತ್ತಾರೆ. ಅವರನ್ನು ದೂರಲಾರೆ.

ಪಠ್ಯಪುಸ್ತಕವನ್ನೂ ದೂರುತ್ತಿಲ್ಲ. ಇಡೀ ರಾಜ್ಯದ ಮಕ್ಕಳಿಗೆಂದು ಬರೆದ ಪುಸ್ತಕದಲ್ಲಿ ಬೀದರಿನ ಹೊಲವೂ ಕೊಡಗಿನ ತೋಟವೂ ನಮ್ಮ ಗಜನಿಯೂ ಸೇರಲು ಸಾಧ್ಯವಿಲ್ಲ. ಆ ಜಾಗವನ್ನು ತುಂಬಬೇಕಾದವರು ನಾವು, ಇಲ್ಲಿನ ಶಾಲೆಗಳವರು.

ಗಜನಿಯ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಒಂದು ವರ್ಷದ ಪಾಠ ಅಲ್ಲಿ ಹರಡಿಕೊಂಡಿದೆ. ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗಿನಲ್ಲಿ ಕಟ್ಟೆ ಹಾಕಿ ಮಾಡಿದ ಗದ್ದೆ ಅದು. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಕಟ್ಟಿದ ಕಗ್ಗದ ಬೀಜ ಬಿತ್ತುತ್ತಾರೆ. ಉಪ್ಪನ್ನು ತಾಳಿಕೊಳ್ಳುವ, ನೆರೆನೀರಿನಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದ, ಗೊಬ್ಬರ ಕೇಳದ ಭತ್ತ ಈ ಕಗ್ಗ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮುಂದಿನ ತಿಂಗಳುಗಳಲ್ಲಿ ಒಳಬರುವ ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಒಂದೇ ಗದ್ದೆ ಮಳೆಗಾಲದಲ್ಲಿ ಅಕ್ಕಿ ಕೊಡುತ್ತದೆ, ಬೇಸಿಗೆಯವರೆಗೆ ಮೀನು ಕೊಡುತ್ತದೆ. ಕಟ್ಟೆಯ ಹಲಗೆಬಾಗಿಲನ್ನು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎಂಬುದು ಒಬ್ಬರ ನಿರ್ಧಾರವಲ್ಲ, ಗದ್ದೆಯವರೆಲ್ಲ ಕೂಡಿ ಮಾಡಬೇಕಾದ ಕೆಲಸ. ವಿಜ್ಞಾನದ ಶಿಕ್ಷಕರಿಗೆ ಇಲ್ಲಿ ಆಹಾರ ಸರಪಳಿ ಇದೆ, ಗಣಿತದವರಿಗೆ ಕ್ಷೇತ್ರಫಲವಿದೆ, ಸಮಾಜದವರಿಗೆ ಪಾಲುಗಾರಿಕೆ ಮತ್ತು ಕೃಷಿ ಕೂಲಿಯ ಇತಿಹಾಸವಿದೆ, ಕನ್ನಡದವರಿಗೆ ನೂರಾರು ಪದಗಳಿವೆ. ಮಾಣಿಕಟ್ಟಾದಂಥ ಊರುಗಳಲ್ಲಿ ಈಗಲೂ ಕಗ್ಗ ಬೆಳೆಯುವವರಿದ್ದಾರೆ, ಮೊದಲಿನಷ್ಟಿಲ್ಲ. ಕಟ್ಟೆ ಒಡೆದು ಪಾಳುಬಿದ್ದ ಗಜನಿಗಳೂ ಸಿಗಡಿ ಸಾಕಣೆಗೆ ಹೋದ ಗಜನಿಗಳೂ ಇವೆ. ಅದು ಏಕೆ ಹಾಗಾಯಿತು ಎಂಬುದೂ ಮಕ್ಕಳು ಕೇಳಬೇಕಾದ ಪ್ರಶ್ನೆಯೇ.

2024ರ ಜನವರಿ 31ರಂದು ಅಘನಾಶಿನಿ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿದ ಸುದ್ದಿ ಪ್ರಕಟವಾಯಿತು. 4,801 ಹೆಕ್ಟೇರಿನ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲೊಂದೆಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಅದರ ದಂಡೆಯ ಶಾಲೆಯಲ್ಲಿದ್ದ ನನಗೆ ಅದು ತಿಳಿದದ್ದು ಪತ್ರಿಕೆ ಓದಿ. ಫೆಬ್ರವರಿ 2ರ ವಿಶ್ವ ಜೌಗುಭೂಮಿ ದಿನದಂದು ಆ ಮಕ್ಕಳು ತಮ್ಮ ಹೊಳೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದಲ್ಲಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ, ಆ ವಾರ ನಾವೆಲ್ಲ ಪರೀಕ್ಷಾ ಸಿದ್ಧತೆಯ ನಮೂನೆ ತುಂಬುವುದರಲ್ಲಿ ಇದ್ದೆವು.

ಹೊರಗೆ ಹೋಗಲಾಗದ ದಿನಗಳಲ್ಲಿ ಊರನ್ನು ಒಳಗೆ ಕರೆಸಬಹುದು ಎಂಬುದನ್ನು ನಾನು ತಡವಾಗಿ ಕಲಿತೆ. ಮತ್ತೊಂದು ಶಾಲೆಯಲ್ಲಿ ಬೆಳಚು ಆರಿಸುವ ತಾಯಿಯೊಬ್ಬರನ್ನು ತರಗತಿಗೆ ಬರಲು ಕೇಳಿದೆ. “ನಾ ಎಂತ ಹೇಳೂದು ಅಕ್ಕೋರೆ, ನಂಗೆ ಓದೂಕೆ ಬರೂದಿಲ್ಲ” ಎಂದು ಎರಡು ಸಲ ತಪ್ಪಿಸಿಕೊಂಡರು. ಮೂರನೇ ಸಲ ಬಂದರು, ಬುಟ್ಟಿಯನ್ನು ಬಾಗಿಲ ಹೊರಗಿಟ್ಟರು, ಕುರ್ಚಿಯಲ್ಲಿ ಕೂರಲಿಲ್ಲ. ಅವರ ಮಗ ಎರಡನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಬುಟ್ಟಿ ಒಳಗೆ ತರಿಸಿ ನೆಲದ ಮೇಲೆ ಸುರಿಯಲು ಹೇಳಿದೆ. ಅವರು ನೆಲಕ್ಕೆ ಕುಳಿತು ಎರಡೂ ಕೈಗಳಲ್ಲಿ ಬೆಳಚನ್ನು ಬೇರೆ ಮಾಡತೊಡಗಿದ ಮೇಲೆ ಮಾತು ತಾನಾಗಿ ಬಂತು. ಮೊಣಕಾಲು ನೀರಿನಲ್ಲಿ ನಿಂತು ಅಂಗಾಲಿನಿಂದ ತಡವಿ ಹೇಗೆ ಗುರುತಿಸುತ್ತಾರೆ, ಕೆಸರು ಹೆಚ್ಚಿದ ಜಾಗದ ಚಿಪ್ಪಿಗೂ ಮರಳಿನ ಜಾಗದ ಚಿಪ್ಪಿಗೂ ಬಣ್ಣ ಏಕೆ ಬೇರೆ, ಹೆಬ್ಬೆರಳಿನ ಉಗುರಿಗಿಂತ ಸಣ್ಣದನ್ನು ಏಕೆ ಮರಳಿ ನೀರಿಗೆ ಬಿಡುತ್ತಾರೆ ಎಂದೆಲ್ಲ ಹೇಳಿದರು. ಒಂದು ಚಿಪ್ಪಿಯ ಬೆನ್ನಿನ ಗೆರೆಗಳನ್ನು ತೋರಿಸಿ ಅದು ಬೆಳೆದ ಬಗೆಯನ್ನು ವಿವರಿಸಿದರು. ಮರದ ಕಾಂಡದ ಉಂಗುರಗಳ ಪಾಠವನ್ನು ನಾನು ಹಿಂದಿನ ತಿಂಗಳಷ್ಟೇ ಮಾಡಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ “ಮರದ ಹಾಗೇ ಅಲ್ವಾ ಅಕ್ಕೋರೆ” ಎಂದ. ಅರ್ಧ ಗಂಟೆಯ ನಂತರ ಅವರ ಮಗ ತಲೆ ಎತ್ತಿದ್ದ. ತಾಯಿ ಮರೆತ ಒಂದು ಹೆಸರನ್ನು ಅವನೇ ಹೇಳಿಕೊಟ್ಟ. ಹೊರಡುವಾಗ ಆ ತಾಯಿಗೆ ಕೊಡಲು ಶಾಲೆಯಲ್ಲಿ ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಒಂದು ಇಳಿತದ ಹೊತ್ತನ್ನು, ಅಂದರೆ ಒಂದು ದಿನದ ದುಡಿಮೆಯನ್ನು, ಅವರು ನಮಗಾಗಿ ಬಿಟ್ಟು ಬಂದಿದ್ದರು.

ಇದನ್ನು ಎಲ್ಲ ಪೋಷಕರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಟ್ರಾಲರ್ ಬೋಟಿನಲ್ಲಿ ದುಡಿಯುವ ಒಬ್ಬ ತಂದೆ ಮುಂದಿನ ವಾರವೇ ಬಂದು ಕೇಳಿದರು: “ನಾವು ಇಷ್ಟು ವರ್ಷ ನೀರಿನಲ್ಲಿ ನಿಂತದ್ದು ಸಾಕು ಅಂತ ಅವನನ್ನು ಶಾಲೆಗೆ ಹಾಕಿದ್ದು. ನೀವು ಮತ್ತೆ ಬೆಳಚು ತೋರಿಸ್ತ್ರಲ್ಲ ಅಕ್ಕೋರೆ?” ಆ ಪ್ರಶ್ನೆಗೆ ನಾನು ತಕ್ಷಣ ಉತ್ತರಿಸಲಾರದೆ ಹೋದೆ, ಏಕೆಂದರೆ ಅದರಲ್ಲಿ ನ್ಯಾಯವಿತ್ತು. ಮೀನುಗಾರರ ಮಗುವಿಗೆ ಮೀನು, ಒಕ್ಕಲಿಗರ ಮಗುವಿಗೆ ನೇಗಿಲು ಎಂದು ವಿದ್ಯೆಯನ್ನು ಹಂಚಿದರೆ ಅದು ಅವರನ್ನು ಇದ್ದಲ್ಲೇ ಕಟ್ಟಿಹಾಕುವ ಕೆಲಸ. ದಿನಕರ ದೇಸಾಯಿಯವರಂಥವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಕರಾವಳಿಯ ಹಳ್ಳಿಗಳಿಗೆ ಪ್ರೌಢಶಾಲೆಗಳನ್ನು ತಂದದ್ದು ಬಡವರ ಮಕ್ಕಳಿಗೂ ಎಲ್ಲ ದಾರಿಗಳು ತೆರೆಯಲಿ ಎಂದು. ನಾನು ಕೇಳುತ್ತಿರುವುದು ಕುಲಕಸುಬಿನ ತರಬೇತಿಯನ್ನಲ್ಲ. ಅಳೆಯುವುದು, ಹೋಲಿಸುವುದು, ಕಾರಣ ಹುಡುಕುವುದು, ಬರೆದಿಡುವುದು ಎಂಬ ವಿದ್ಯೆಯ ಮೂಲಕೆಲಸಗಳನ್ನು ಮಗು ತಾನು ಬಲ್ಲ ಜಾಗದಿಂದ ಶುರುಮಾಡಲಿ ಎಂಬುದಷ್ಟೇ. ಆ ತಂದೆಗೆ ಮಗನ ನೋಟ್‌ಪುಸ್ತಕ ತೋರಿಸಿದೆ. ಬೆಳಚಿನ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು ಅವನು ಹಾಕಿದ ಸ್ತಂಭಾಲೇಖ ಅದರಲ್ಲಿತ್ತು, ಇಡೀ ತರಗತಿಯಲ್ಲಿ ಅವನದೇ ಸರಿಯಾಗಿತ್ತು. ಅವರು ಪುಟವನ್ನು ಬಹಳ ಹೊತ್ತು ನೋಡಿ, ಮಡಚಿ ಕೊಟ್ಟು, ಏನೂ ಹೇಳದೆ ಹೋದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರ ಪ್ರಶ್ನೆಯನ್ನು ಮರೆಯದೆ ಈ ಕೆಲಸ ಮಾಡಬೇಕೆಂದು ಮಾತ್ರ ಅಂದಿನಿಂದ ನಿಶ್ಚಯಿಸಿಕೊಂಡೆ. ಇದು ಬಡವರ ಶಾಲೆಗಷ್ಟೇ ಮೀಸಲಾದ ಪಾಠವಾಗಬಾರದು ಎಂಬುದೂ ಅದೇ ಕಾರಣಕ್ಕೆ. ಹಳದಿ ಬಸ್ಸು ಹತ್ತಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುವ ಮಗುವಿಗೂ ಇದೇ ಹೊಳೆ ಗೊತ್ತಿರಬೇಕು.

ಊರಿನ ಅರಿವು ಎಂದರೆ ಊರಿನದೆಲ್ಲವೂ ಸರಿ ಎಂದೂ ಅಲ್ಲ. ಹೊಳೆಯ ಮಡುವಿಗೆ ವಿಷ ಹಾಕಿ ಮೀನು ಹಿಡಿಯುವುದೂ ಊರಿನವರೇ ಮಾಡುವ ಕೆಲಸ. ಯಾರ ಮನೆಯ ಬಾವಿಗೆ ಯಾರು ಹೋಗಬಾರದೆಂಬ ಕಟ್ಟಳೆಯೂ ಊರಿನದೇ ಆಗಿತ್ತು. ಶಾಲೆ ಅವನ್ನೂ ನೋಡಬೇಕು, ಪ್ರಶ್ನಿಸಬೇಕು.

ಇನ್ನು ಗುಡ್ಡದ ವಿಷಯ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಬಿದ್ದದ್ದು, ಆ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಒಯ್ದದ್ದು ತಮಗೆಲ್ಲ ಗೊತ್ತು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ ಊರಿನಲ್ಲಿಯೂ ಗುಡ್ಡ ಜಾರಿತ್ತು. ಶಿರೂರಿನ ಘಟನೆಯ ನಂತರ ಶಾಲೆ ಮತ್ತೆ ಶುರುವಾದ ದಿನ ನಾಲ್ಕನೇ ತರಗತಿಯ ಹುಡುಗನೊಬ್ಬ ನನ್ನ ಸೆರಗು ಹಿಡಿದು “ಅಕ್ಕೋರೆ, ನಮ್ಮನೆ ಹಿಂದಿನ ಗುಡ್ಡವೂ ಬೀಳ್ತದ್ಯಾ?” ಎಂದು ಕೇಳಿದ. ಭೂಕುಸಿತ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಸುವುದು ನನಗೆ ಗೊತ್ತಿತ್ತು. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕುಸಿತದ ಸಾಧ್ಯತೆಯಿರುವ ಜಾಗಗಳ ನಕ್ಷೆಗಳನ್ನು ಮಾಡಿದೆ. ಅವು ಕಚೇರಿಗಳಲ್ಲಿ ಇರುವುದರಿಂದ ಆ ಮಗುವಿಗೆ ಪ್ರಯೋಜನವಿಲ್ಲ. ಬುಡ ಕಡಿದ ಗುಡ್ಡ, ನೆಲದಲ್ಲಿ ಹೊಸದಾಗಿ ಕಾಣುವ ಬಿರುಕು, ಇದ್ದಕ್ಕಿದ್ದಂತೆ ಕೆಂಪಾಗುವ ಒರತೆಯ ನೀರು, ವಾಲುವ ಮರ ಇವು ಅಪಾಯದ ಗುರುತುಗಳು. ಅವುಗಳನ್ನು ಗುಡ್ಡದ ಬುಡದ ಪ್ರತಿ ಶಾಲೆಯ ಮಕ್ಕಳು ಮಳೆಗಾಲಕ್ಕೆ ಮೊದಲು ಕಲಿತಿರಬೇಕು.

ಘಟ್ಟದ ಮೇಲಿನ ಕತೆಯೂ ಬೇರೆಯಲ್ಲ. ಶಿರಸಿಯ ಸಾಲ್ಕಣಿ ಭಾಗದಲ್ಲಿ 1983ರ ಸೆಪ್ಟೆಂಬರ್ 8ರಂದು ಜನ ಮರ ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿ ನಿಂತು ಅಪ್ಪಿಕೊ ಚಳವಳಿ ಶುರುಮಾಡಿದರು. ಅದನ್ನು ಸಾಮಾನ್ಯ ಜ್ಞಾನದ ಒಂದು ಸಾಲಾಗಿ ಬಾಯಿಪಾಠ ಮಾಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ತಮ್ಮ ಶಾಲೆಯ ಹಿಂದಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಐದು ಮರಗಳ ಹೆಸರು ಅವರಿಗೆ ಬರುತ್ತಿರಲಿಲ್ಲ. ಅಂಕೋಲಾದ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಮಾಸ್ತಿಕಟ್ಟೆಯ ನರ್ಸರಿಯಲ್ಲಿ ದುಡಿಯುತ್ತ ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಕರಗತ ಮಾಡಿಕೊಂಡವರು, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದವರು. ಅವರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಎರಡು ತಿಂಗಳೊಳಗೆ, 2025ರ ಫೆಬ್ರವರಿ 13ರಂದು, ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಳ ಭಂಡಾರವಾಗಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರೂ ಹೋದರು. ಇಬ್ಬರ ಭಾವಚಿತ್ರಗಳನ್ನೂ ಶಾಲೆಗಳಲ್ಲಿ ತೂಗುಹಾಕಿದ್ದೇವೆ, ಸಂತೋಷ. ಆದರೆ ಅವರಂತೆ ಬಲ್ಲ, ಹೆಸರು ಕೇಳದ ಹಿರಿಯರು ಇನ್ನೂ ಪ್ರತಿ ಕೇರಿಯಲ್ಲಿದ್ದಾರೆ ಮತ್ತು ಅವರಿಗೆಲ್ಲ ವಯಸ್ಸಾಗಿದೆ. ಜೋಯಿಡಾದ ಕುಣಬಿಗಳ ಗಡ್ಡೆ ಗೆಣಸಿನ ತಿಳಿವಳಿಕೆ, ಯಲ್ಲಾಪುರ ಹಳಿಯಾಳಗಳ ಸಿದ್ದಿ ಹಾಡು ಕುಣಿತ, ಮೀನುಗಾರರಾದ ಹರಿಕಂತ್ರ ಮತ್ತು ಅಂಬಿಗರ ಗಾಳಿ ನೀರಿನ ಲೆಕ್ಕ ಇವೆಲ್ಲ ಅವರೊಡನೆಯೇ ಹೋಗುವ ಮೊದಲು ನಮ್ಮ ಮಕ್ಕಳು ಕುಳಿತು ಕೇಳಿ ಬರೆದುಕೊಳ್ಳಬಹುದಲ್ಲವೇ?

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ತರಗತಿಗಳಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ನವಾಯತಿ, ಮರಾಠಿ ಮಾತಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. “ಭರತ” ಎಂದ ಮಗುವಿಗೆ “ಉಬ್ಬರ ಅನ್ನು” ಎಂದು ತಿದ್ದುವ ಮೊದಲು, ಅದು ಹೇಳಿದ್ದು ಸರಿಯೆಂದು ಒಪ್ಪಿ ಎರಡನೆಯ ಪದವನ್ನು ಪಕ್ಕದಲ್ಲಿ ಬರೆಯಬೇಕು. ನಾನೂ ಮೊದಲ ವರ್ಷಗಳಲ್ಲಿ ತಿದ್ದಿದವಳೇ. ಆ ಮಕ್ಕಳು ಬಾಯಿ ಮುಚ್ಚಿಕೊಂಡದ್ದನ್ನು ಶಿಸ್ತು ಎಂದು ತಿಳಿದಿದ್ದೆ.

ಹೊರ ಜಿಲ್ಲೆಗಳಿಂದ ನೇಮಕಗೊಂಡು ಬರುವ ಶಿಕ್ಷಕರಿಗೆ ಊರು ಗೊತ್ತಿಲ್ಲ ಎಂಬ ದೂರನ್ನು ಆಗಾಗ ಕೇಳುತ್ತೇವೆ. ನನ್ನ ಅನುಭವ ಬೇರೆ. ವಿಜಯಪುರ ಕಡೆಯಿಂದ ಬಂದ ಒಬ್ಬ ಯುವ ಶಿಕ್ಷಕಿ ಮೊದಲ ವಾರವೇ ಮಕ್ಕಳಿಗೆ “ನನಗ ಈ ನೀರು ಗೊತ್ತಿಲ್ಲ, ನೀವು ಕಲಸ್ರಿ” ಎಂದರು. ಮಕ್ಕಳು ಅವರಿಗೆ ಮೀನುಗಳ ಹೆಸರು ಕಲಿಸಿದರು, ಅವರು ಮಕ್ಕಳಿಗೆ ಜೋಳದ ರಾಶಿಯ ಕತೆ ಹೇಳಿದರು. ಗೊತ್ತಿಲ್ಲವೆಂದು ಹೇಳಿ ಕೇಳುವ ಅವಕಾಶ ಶಿಕ್ಷಕರಿಗೆ ಬೇಕು. ಅದನ್ನು ಇಲಾಖೆಯೇ ಒದಗಿಸಿಕೊಡಬಹುದು.

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ಶಾಲೆಯಿಂದ ಎರಡು ಕಿಲೋಮೀಟರ್ ಒಳಗಿನ ಹೊರಪಾಠಕ್ಕೆ ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ ಲಿಖಿತ ಒಪ್ಪಿಗೆಯೇ ಸಾಕು ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಅದರಲ್ಲಿಯೇ ಸುರಕ್ಷತೆಯ ನಿಯಮಗಳೂ ಇರಲಿ: ಹತ್ತು ಮಕ್ಕಳಿಗೆ ಒಬ್ಬ ಹಿರಿಯರು, ಆ ನೀರು ಅಥವಾ ಕಾಡನ್ನು ಬಲ್ಲ ಸ್ಥಳೀಯರೊಬ್ಬರು ಕಡ್ಡಾಯ, ಮಳೆಗಾಲದ ನಾಲ್ಕು ತಿಂಗಳು ಹೊಳೆ, ಕಡಲು, ಜಾರುವ ಗುಡ್ಡಗಳ ಕಡೆ ಹೋಗಬಾರದು, ಯಾವ ಕಾಲದಲ್ಲಿಯೂ ಮಕ್ಕಳು ನೀರಿಗೆ ಇಳಿಯಬಾರದು. ನಿಯಮ ಪಾಲಿಸಿ ಹೋದ ಶಿಕ್ಷಕರಿಗೆ ಇಲಾಖೆ ಬೆಂಬಲವಾಗಿ ನಿಲ್ಲುತ್ತದೆ ಎಂಬ ಒಂದು ವಾಕ್ಯವೂ ಅದರಲ್ಲಿ ಬರಲಿ. ಉಳಿದೆಲ್ಲಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ವರ್ಷಕ್ಕೆ ಆರು ಅರ್ಧ ದಿನಗಳನ್ನು ಇದಕ್ಕೆಂದೇ ವೇಳಾಪಟ್ಟಿಯಲ್ಲಿ ಬಿಟ್ಟುಕೊಡಿ, ಆ ದಿನಗಳನ್ನು ಇಡೀ ಜಿಲ್ಲೆಗೆ ಒಂದೇ ಎಂದು ನಿಗದಿ ಮಾಡಬೇಡಿ; ಭರತ ಇಳಿತಕ್ಕೂ ಬಿತ್ತನೆ ಕೊಯ್ಲಿಗೂ ಹೊಂದಿಕೊಂಡು ಶಾಲೆಯೇ ಆರಿಸಿಕೊಳ್ಳಲಿ. ಅಲ್ಲಿ ಮಕ್ಕಳು ಮಾಡಿದ ಅಳತೆ, ಬರಹ, ಚಿತ್ರಗಳನ್ನು ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳಿ. ಲೆಕ್ಕಕ್ಕೆ ಬಾರದ ಕೆಲಸ ನಮ್ಮ ವ್ಯವಸ್ಥೆಯಲ್ಲಿ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ ಎಂಬುದನ್ನು ಅನುಭವದಿಂದ ಹೇಳ್ತಿದ್ದೇನೆ. ತರಗತಿಗೆ ಬಂದು ಕಲಿಸುವ ಊರಿನವರಿಗೆ ಒಂದು ದಿನದ ಕೂಲಿಗೆ ಕಡಿಮೆಯಾಗದ ಗೌರವಧನ ಕೊಡಲು ಶಾಲಾ ಅನುದಾನದಲ್ಲಿ ಅವಕಾಶ ಮಾಡಿಕೊಡಿ. ಹೊಸದಾಗಿ ಜಿಲ್ಲೆಗೆ ಬರುವ ಶಿಕ್ಷಕರಿಗೆ ಎರಡು ದಿನ, ಸಭಾಂಗಣದಲ್ಲಿ ಅಲ್ಲ, ಅವರು ಕೆಲಸ ಮಾಡಲಿರುವ ಊರಿನಲ್ಲಿಯೇ ಪರಿಚಯ ಶಿಬಿರ ನಡೆಸಿ. ಗುಡ್ಡದ ಬುಡದ ಶಾಲೆಗಳಿಗೆ ಆಯಾ ಊರಿನ ಭೂಕುಸಿತ ನಕ್ಷೆಯ ಕನ್ನಡ ಪ್ರತಿಯನ್ನು ಸಂಬಂಧಪಟ್ಟ ಇಲಾಖೆಗಳಿಂದ ತರಿಸಿಕೊಡಿ.

ಎಸ್‌ಡಿಎಂಸಿ ಸದಸ್ಯರಿಗೆ ನನ್ನದೊಂದು ಪ್ರತ್ಯೇಕ ವಿನಂತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹೆಚ್ಚಿನ ಸಭೆಗಳಲ್ಲಿ ನಾವು ಮಾತಾಡಿದ್ದು ಕಂಪೌಂಡು, ಶೌಚಾಲಯ, ಬಿಸಿಯೂಟದ ಅಕ್ಕಿಯ ಬಗ್ಗೆ. ಅವೂ ಬೇಕು. ಅದರ ಜೊತೆಗೆ ಒಂದು ಸಭೆಯಲ್ಲಿ, ನಮ್ಮ ಊರಿನಲ್ಲಿ ಯಾರಿಗೆ ಏನು ಬರುತ್ತದೆ, ಅದನ್ನು ಮಕ್ಕಳಿಗೆ ಯಾವ ತಿಂಗಳು ತೋರಿಸಬಹುದು ಎಂದು ಕುಳಿತು ಪಟ್ಟಿ ಮಾಡಿ. ಪೇಟೆಯಲ್ಲಿ ಬೆಳಚು ಮಾರಲು ಕೂರುವ ತಾಯಿಯ ಹೆಸರು ಆ ಪಟ್ಟಿಯಲ್ಲಿ ಇರಲಿ. ಅವರು ಬಂದಾಗ ಕುರ್ಚಿ ಕೊಡಿ. ಕುರ್ಚಿಯಲ್ಲಿ ಕೂರುವುದಿಲ್ಲ ಎಂದರೆ ಶಿಕ್ಷಕರೂ ಮಕ್ಕಳೂ ಅವರ ಜೊತೆ ನೆಲದ ಮೇಲೆ ಕೂರಲಿ.

ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಅದರ ಹಿಂದೆಯೇ ಮಳೆ ಹಿಡಿದು ಕಗ್ಗ ಬಿತ್ತುವ ಕೆಲಸ ಶುರುವಾಗುತ್ತದೆ, ಗುಡ್ಡಗಳ ಮೇಲೆ ನೀರು ಇಳಿಯತೊಡಗುತ್ತದೆ. ಸುತ್ತೋಲೆ ಅದಕ್ಕೆ ಮೊದಲೇ ಶಾಲೆಗಳಿಗೆ ತಲುಪಿದರೆ ಈ ವರ್ಷದ ಐದನೇ ತರಗತಿಯ ಮಕ್ಕಳು ದೀಪಾವಳಿಯ ನಂತರ ಹೊಳೆಯ ದಂಡೆಗೆ ಹೋಗಿ ಕೋಲು ಊರಬಹುದು, ಮರುದಿನವೂ ಹೋಗಿ ಎರಡನೇ ಅಳತೆ ತೆಗೆದುಕೊಳ್ಳಬಹುದು. ಈ ವಿಷಯದಲ್ಲಿ ನನ್ನಿಂದ ಯಾವ ಕೆಲಸ ಆಗಬೇಕಿದ್ದರೂ ಸಂಬಳವಿಲ್ಲದೆ ಬಂದು ಮಾಡಲು ಸಿದ್ಧಳಿದ್ದೇನೆ. ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಕುಮಟಾ ತಾಲೂಕು, ಉತ್ತರ ಕನ್ನಡ